ಜಲದುರ್ಗದ ಕೊಳ್ಳ

ನಮ್ಮ ಭಂಕೂರಿನ ಕಡೆಯ ಹೊಳೆಗಳು ಸೌಮ್ಯ ಸ್ವಭಾವದವು. ಸೇಡಮ್ಮಿನ ಕಡೆಯಿಂದ ಬರುವ ಕಾಗಿಣಾ ಮಳಖೇಡದ ಹಳೆಯ ಕೋಟೆಯ ಮಗ್ಗುಲಲ್ಲಿ ಹಾದು, ಚಿತ್ತಾಪುರದ ಸೀಮೆಯನ್ನು ದಾಟಿ, ಶಹಾಬಾದದ ಸಮೀಪ ಹೊನಗುಂಟದಲ್ಲಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಈ ಸೀಮೆಯ ನೆಲದಡಿಯಲ್ಲಿರುವುದು ಚಾಪೆಯ ಮೇಲೆ ಚಾಪೆ ಹಾಸಿದಂತೆ ಪದರಪದರವಾಗಿ ಮಲಗಿದ ಸುಣ್ಣಕಲ್ಲು. ಶಹಾಬಾದಿ ಫರಸಿ ಎಂದು ದೇಶದ ಎಷ್ಟೋ ಮನೆಗಳ ನೆಲಕ್ಕೆ ಬಿದ್ದಿರುವುದು ಈ ಕಲ್ಲೇ. ಬೇಸಗೆಯಲ್ಲಿ ನೀರು ಇಳಿದಾಗ ಹೊಳೆಯ ಪಾತ್ರವೂ ಯಾರೋ ಗಾರೆಯವನು ಬಂದು ಹಾಸಿಹೋದ ಪಡಸಾಲೆಯಂತೆ ಕಾಣುತ್ತದೆ. ಇಂಥ ಊರಿನಲ್ಲಿ ಬೆಳೆದವನಿಗೆ ನದಿಯೆಂದರೆ ಕಲ್ಲಿನ ಮೇಲೆ ಒಣಹಾಕಿದ ಸೀರೆಯಂತೆ ಹರಡಿಕೊಳ್ಳುವ ವಸ್ತು. ಕಲ್ಲನ್ನೇ ಸೀಳಿಕೊಂಡು ಪಾತಾಳಕ್ಕಿಳಿಯುವ ನದಿಯ ಕಲ್ಪನೆ ಅವನಿಗೆ ಸುಲಭವಾಗಿ ಬರಲಾರದು.

ಅಂಥ ನದಿಗಳ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಅಮೆರಿಕದ ಮರುಭೂಮಿಯಲ್ಲಿ ಕೊಲರಾಡೋ ನದಿ ಕೊರೆದ ಮಹಾಕೊಳ್ಳ ಸುಮಾರು ೪೫೦ ಕಿಲೋಮೀಟರ್ ಉದ್ದ, ಒಂದು ಮೈಲಿಯಷ್ಟು ಆಳ. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟೆಗೆ ಹೋಗಿಬಂದವರು, ಕೆಂಬಂಡೆಯ ಗೋಡೆಗಳ ನಡುವೆ ಪೆನ್ನಾ ನದಿ ಹರಿಯುವ ನೋಟವನ್ನು ವರ್ಣಿಸುವುದನ್ನೂ ಕೇಳಿದ್ದೇವೆ. ಆ ಪೆನ್ನೆ ನಮ್ಮ ನಂದಿಬೆಟ್ಟದ ಮಗಳಾದ ಉತ್ತರ ಪಿನಾಕಿನಿಯೇ ಎಂಬುದು ಮಾತ್ರ ಅನೇಕರಿಗೆ ನೆನಪಿರುವುದಿಲ್ಲ. ಆದರೆ ಭಂಕೂರಿನಿಂದ ಮುಂಜಾನೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದಾದ ದೂರದಲ್ಲಿ, ನಮ್ಮದೇ ನಾಡಿನ ನಡುವೆ, ಕೃಷ್ಣೆ ಇಂಥ ಒಂದು ಕೊಳ್ಳದೊಳಗೆ ಇಳಿಯುತ್ತಾಳೆ. ಆ ಕೊಳ್ಳದ ನಡುವೆ ಒಂದು ನಡುಗಡ್ಡೆಯಿದೆ, ನಡುಗಡ್ಡೆಯ ಮೇಲೆ ಕೋಟೆಯಿದೆ, ಅದರ ಹೆಸರು ಜಲದುರ್ಗ ಎಂದರೆ ನಮ್ಮವರಲ್ಲಿಯೇ ಎಷ್ಟು ಜನ ಹೂಂಗುಟ್ಟುವರೋ ತಿಳಿಯದು. ನಾನೂ ಬಹುಕಾಲ ಹೂಂಗುಟ್ಟದವರ ಗುಂಪಿನವನೇ ಆಗಿದ್ದೆ.

ಕಳೆದ ಮಳೆಗಾಲದಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಕೇಳಿ, ಇತಿಹಾಸದ ಗೀಳಿರುವ ಒಬ್ಬ ಹಳೆಯ ಸ್ನೇಹಿತರನ್ನು ಜೊತೆಮಾಡಿಕೊಂಡು ಹೊರಟೆ. ಭೀಮೆಯನ್ನು ದಾಟಿ ಜೇವರ್ಗಿ, ಅಲ್ಲಿಂದ ಶಹಾಪುರ, ಸುರಪುರ, ಹುಣಸಗಿ ಎಂದು ದಾರಿ ದಕ್ಷಿಣಕ್ಕೆ ಇಳಿಯುತ್ತದೆ. ಶಹಾಪುರ ಬಂತೆಂದರೆ ನಮ್ಮ ಹಾಸುಗಲ್ಲಿನ ನಾಡು ಮುಗಿದು ಗುಂಡುಗಲ್ಲಿನ ನಾಡು ಆರಂಭವಾಯಿತೆಂದು ಕಣ್ಣೇ ಹೇಳುತ್ತದೆ. ಆನೆ, ಆಮೆ, ಮಲಗಿದ ಮನುಷ್ಯ ಹೀಗೆ ನಾನಾ ರೂಪಗಳ ಬಂಡೆಗಳು ಬಯಲಿನಲ್ಲಿ ರಾಶಿಬಿದ್ದಿವೆ.

ಹುಣಸಗಿಯ ಸುತ್ತಿನ ತಗ್ಗು ಪ್ರದೇಶ ಮನುಷ್ಯನ ಇತಿಹಾಸದಲ್ಲಿ ಸಣ್ಣ ಹೆಸರಲ್ಲ. ಪುರಾತತ್ತ್ವಜ್ಞರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಇಲ್ಲಿ ನಡೆದಾಡಿ ಹಳೆಯ ಶಿಲಾಯುಗದ ನೆಲೆಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿದರು. ೧೯೯೦ರ ದಶಕದ ಕೊನೆಗೆ ಹತ್ತಿರದ ಇಸಾಂಪುರದಲ್ಲಿ ಅವರು ನಡೆಸಿದ ಉತ್ಖನನದಲ್ಲಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಕಿತ್ತು ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗವೇ ಬಯಲಿಗೆ ಬಂತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜು ಮಾಡಿದ್ದಾರೆ. ಇದನ್ನು ಓದಿದಂದು ನನಗೆ ನಗುವೂ ಬಂತು, ಒಂದು ಬಗೆಯ ಹೆಮ್ಮೆಯೂ ಆಯಿತು. ಶಹಾಬಾದದ ಗಣಿಗಳಲ್ಲಿ ಇಂದು ಹಾರೆ ಹಾಕಿ ಪದರವೆಬ್ಬಿಸುವ ಕೆಲಸ ರೈಲಿನ ಕಾಲಕ್ಕೆ ಹುಟ್ಟಿದ್ದೆಂದು ನಾವು ತಿಳಿದಿದ್ದೆವು. ಅದೇ ಜಾತಿಯ ಕಲ್ಲಿನ ಪದರವನ್ನು, ಅದೇ ಬಗೆಯಲ್ಲಿ ಸಂದು ನೋಡಿ ಎಬ್ಬಿಸುವ ಜಾಣತನ ನಮ್ಮ ಜಾತಿಯ ಮನುಷ್ಯ ಹುಟ್ಟುವುದಕ್ಕೂ ಮೊದಲೇ ಇಲ್ಲಿತ್ತು! ಹುಣಸಗಿಯಿಂದ ಮುಂದೆ ರಾಜನಕೋಳೂರಿನ ಕಲ್ಲುಚಪ್ಪಡಿಯ ಸಮಾಧಿಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಇವನ್ನು ಅಗೆದು, ಅಳೆದು, ಚಿತ್ರ ಬರೆದಿಟ್ಟ. ಒಟ್ಟಿನಲ್ಲಿ ಕೃಷ್ಣೆಯ ಕೊಳ್ಳಕ್ಕೆ ಹೋಗುವ ದಾರಿಯೇ ಒಂದು ಇತಿಹಾಸದ ಪಾಠ.

ನಾರಾಯಣಪುರದ ಬಳಿ ಮೊದಲು ಕಾಣುವುದು ಮನುಷ್ಯನ ಕೆಲಸ. ಹತ್ತು ಕಿಲೋಮೀಟರಿಗೂ ಉದ್ದವಾದ ಬಸವಸಾಗರ ಅಣೆಕಟ್ಟು ನೆಲದ ಅಂಚಿನವರೆಗೆ ಚಾಚಿಕೊಂಡಿದೆ. ಅದರ ಹಿಂದೆ ನೀರು ಸಮುದ್ರದಂತೆ ನಿಂತಿದೆ. ಮುಂದಕ್ಕೆ ಹೋದರೆ ಛಾಯಾಭಗವತಿಯ ಕ್ಷೇತ್ರ. ಸೂರ್ಯನ ಮಡದಿ ಛಾಯೆ ಇಲ್ಲಿ ನೆಲೆಸಿದಳೆಂದು ನಂಬಿಕೆ. ಬಂಡೆಗಳ ನಡುವೆ ಮೆಟ್ಟಿಲುಗಳನ್ನಿಳಿದು ದೇವಿಯ ಬಳಿಗೆ ಹೋಗಬೇಕು. ಹೊಳೆ ಏರಿದಾಗ ನೀರು ಗುಡಿಯನ್ನೇ ಸುತ್ತಿಕೊಳ್ಳುತ್ತದೆ. ನಾವು ಹೋದ ದಿನ ಕೆಳಗಿನ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಮೇಲೆಯೇ ನಿಂತು ಕೈಮುಗಿದೆವು. ವರ್ಷದ ಎಂಟು ತಿಂಗಳು ಸೂರ್ಯನು ಸುಟ್ಟು ಕರಿಮಾಡುವ ಈ ಸೀಮೆಯಲ್ಲಿ ಜನ ಸೂರ್ಯನಿಗಿಂತ ಹೆಚ್ಚಾಗಿ ಅವನ ನೆರಳಿಗೆ ಗುಡಿ ಕಟ್ಟಿಸಿದ್ದಾರಲ್ಲ, ಇದಕ್ಕಿಂತ ಬುದ್ಧಿವಂತಿಕೆಯ ಭಕ್ತಿ ಉಂಟೆ ಎಂದು ನನ್ನ ಸ್ನೇಹಿತರು ಅಂದರು.

ಮರುಭೂಮಿಯೆಂದರೆ ನಮ್ಮ ಕಣ್ಣಿಗೆ ಮರಳಿನ ದಿಬ್ಬ, ಒಂಟೆಗಳೇ ಬರುತ್ತವೆ. ಆ ಅರ್ಥದಲ್ಲಿ ಇದು ಮರುಭೂಮಿಯಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗೆ ವರ್ಷಕ್ಕೆ ಬರುವ ಮಳೆ ೬೦೦ ಮಿಲಿಮೀಟರಿನ ಆಸುಪಾಸು. ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ೧೩೯೬ರಿಂದ ಹನ್ನೆರಡು ವರ್ಷ ದಖ್ಖಣವನ್ನು ಹಾಳುಮಾಡಿತೆಂದು ಹೇಳುವ ದುರ್ಗಾದೇವಿಯ ಬರದ ಹೆಸರು ಜನರ ನಾಲಗೆಯ ಮೇಲೆ ಶತಮಾನಗಳ ಕಾಲ ಉಳಿಯಿತು. ೧೮೭೬–೭೮ರ ಮಹಾಕ್ಷಾಮದಲ್ಲಿ ನಿಜಾಮನ ರಾಜ್ಯದಲ್ಲಿ ಬಹಳವಾಗಿ ಬೆಂದ ಜಿಲ್ಲೆಗಳಲ್ಲಿ ರಾಯಚೂರು ಮತ್ತು ಲಿಂಗಸೂಗೂರು ಸೇರಿದ್ದವು. ಎರಡು ಮಹಾನದಿಗಳ ನಡುವೆ ಕುಳಿತ ನಾಡು ನೀರಿಲ್ಲದೆ ಸತ್ತಿತು ಎಂದರೆ ಹೊರಗಿನವರು ನಂಬುವುದು ಕಷ್ಟ. ಇದರ ಕಾರಣವನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಜಲದುರ್ಗದ ಬತೇರಿಯ ಮೇಲೆ ನಿಂತು ನೋಡುವುದು ಒಳ್ಳೆಯದು.

ಹೊಳೆಯನ್ನು ದಾಟಿ ಲಿಂಗಸೂಗೂರಿನ ಸೀಮೆಗೆ ಬಂದು, ನಡುಗಡ್ಡೆಗೆ ಹೋಗುವ ಸೇತುವೆಯನ್ನು ಹಾದು, ಕೋಟೆಯ ಬುಡಕ್ಕೆ ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಕೃಷ್ಣೆ ಇಲ್ಲಿ ಎರಡು ಕವಲಾಗಿ ಒಡೆದು ನಡುಗಡ್ಡೆಯನ್ನು ತಬ್ಬಿಕೊಂಡು ಮುಂದೆ ಒಂದಾಗುತ್ತಾಳೆ. ಗೋಡೆಗಳ ಮೇಲೆ ಗಿಡಗಂಟಿ ಬೆಳೆದಿದೆ. ಬಾಗಿಲುಗಳ ಕಲ್ಲುಗಳು ಜಾರಿವೆ. ಮುಳ್ಳುಕಂಟಿಗಳ ನಡುವೆ ಕಾಲುದಾರಿ ಹಿಡಿದು ಮೇಲೇರಿದೆವು. ನೀರು ಕಾಣುವ ಮೊದಲು ಕೇಳಿಸಿತು. ರೈಲು ಸೇತುವೆಯ ಮೇಲೆ ಬಂದಾಗ ಕೆಳಗೆ ನಿಂತವನಿಗೆ ಕೇಳಿಸುವಂಥ, ಎದೆಯೊಳಗೆ ನಡುಗುವ ಸದ್ದು. ಕೊನೆಯ ಬುರುಜಿನ ಅಂಚಿಗೆ ಬಂದು ಬಗ್ಗಿ ನೋಡಿದರೆ ನೆಟ್ಟಗೆ ಇಳಿದ ಬಂಡೆ. ಅದರ ಅಡಿಯಲ್ಲಿ ಹೆಬ್ಬಂಡೆಗಳಿಗೆ ಬಡಿದು, ನೊರೆಯಾಗಿ, ಹೊಗೆಯಾಗಿ, ಮತ್ತೆ ನೀರಾಗಿ ಓಡುವ ಕೃಷ್ಣೆ. ಮಹಾಬಳೇಶ್ವರದಿಂದ ಹೊರಟು, ಕರಿಮಣ್ಣಿನ ಬಯಲುಗಳಲ್ಲಿ ಗೃಹಿಣಿಯಂತೆ ಸಾವಕಾಶವಾಗಿ ನಡೆದುಬಂದ ನದಿ ಇಲ್ಲಿ ಒಮ್ಮೆಲೇ ಸೆರಗು ಸಿಕ್ಕಿಸಿ ಓಡತೊಡಗುತ್ತದೆ. ದಖ್ಖಣದ ಎತ್ತರದ ನೆಲದಿಂದ ಸುರಪುರ ರಾಯಚೂರುಗಳ ತಗ್ಗಿನ ನೆಲಕ್ಕೆ ನದಿ ಇಳಿಯುವ ಮೆಟ್ಟಿಲು ಇದು. ಸುಮಾರು ಮೂರು ಮೈಲಿಗಳ ಅಂತರದಲ್ಲಿ ೪೦೮ ಅಡಿ ಇಳಿತವೆಂದು ಹಳೆಯ ಇಂಪೀರಿಯಲ್ ಗೆಜೆಟಿಯರ್ ಬರೆದಿದೆ. ಜೋಗದಂತೆ ಒಂದೇ ನೆಗೆತವಲ್ಲ. ಒಂದರ ಕೆಳಗೊಂದು ಮುರಿದ ಮೆಟ್ಟಿಲುಗಳಲ್ಲಿ ಉರುಳುವ ಇಳಿತ. ಆದುದರಿಂದ ಇದನ್ನು ಜಲಪಾತವೆನ್ನುವುದಕ್ಕಿಂತ ಕೊಳ್ಳವೆನ್ನುವುದೇ ಸರಿ.

ಕೋಟೆಯನ್ನು ಮೊದಲು ಕಟ್ಟಿಸಿದವರು ದೇವಗಿರಿಯ ಯಾದವರೆಂದು ಹೇಳುವುದುಂಟು. ಅದು ಹೇಗೂ ಇರಲಿ, ಇಲ್ಲಿ ಬಹುಕಾಲ ನಿಶಾನೆ ಹಾರಿಸಿದವರು ವಿಜಾಪುರದ ಆದಿಲಶಾಹಿಗಳು. ಮರಣದಂಡನೆಗೆ ಗುರಿಯಾದವರನ್ನು ಈ ಬುರುಜಿನಿಂದಲೇ ಹೊಳೆಗೆ ತಳ್ಳುತ್ತಿದ್ದರೆಂದು ಊರ ಜನ ಇಂದಿಗೂ ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಬುರುಜಿನ ಅಂಚಿನಲ್ಲಿ ನಿಂತವನು ಅದನ್ನು ನಂಬದೆ ಇರಲಾರ. ಇಂಥ ಕಥೆಯನ್ನು ಹುಟ್ಟಿಸುವ ಶಕ್ತಿ ಆ ಆಳಕ್ಕೇ ಇದೆ. ಮೆಡೋಸ್ ಟೇಲರನಿಗೂ ಈ ಜಾಗ ಮನಸ್ಸಿನಿಂದ ಹೋಗಲಿಲ್ಲ. ಆತ ೧೮೭೬ರಲ್ಲಿ ತೀರಿಕೊಂಡ. ಚಾಂದಬೀಬಿಯನ್ನು ಕುರಿತ ಅವನ ಕೊನೆಯ ಕಾದಂಬರಿ ೧೮೭೮ರಲ್ಲಿ ಅಚ್ಚಾಯಿತು. ಅದರ ಕಥೆ ಮೊದಲಾಗುವುದು ಈ ಹೊಳೆಯ ದಂಡೆಯಲ್ಲಿಯೇ; ಜಲದುರ್ಗದ ಕೋಟೆಯೂ ನದಿಯ ಭೋರ್ಗರೆತವೂ ಅದರಲ್ಲಿ ಪಾತ್ರಗಳಷ್ಟೇ ಮುಖ್ಯವಾಗಿವೆ.

ಒಂದು ಪ್ರಶ್ನೆ ಏಳುವುದು ಸಹಜ. ವ್ಯಾಪಾರದ ಹೆದ್ದಾರಿಯಲ್ಲದ, ಫಲವತ್ತಾದ ಬಯಲೂ ಅಲ್ಲದ ಈ ಕಲ್ಲುಬಂಡೆಯ ಮೇಲೆ ಕೋಟೆಯೇಕೆ? ಇದಕ್ಕೆ ಉತ್ತರ ನದಿಯನ್ನು ದಾಟುವ ಕಡವುಗಳಲ್ಲಿದೆ. ಎತ್ತರದ ದಂಡೆಗಳ ನಡುವೆ, ಬಂಡೆಗಳ ಮೇಲೆ ಹರಿಯುವ ಹೊಳೆಯನ್ನು ಕಂಡಕಂಡಲ್ಲಿ ದಾಟಲಾಗುವುದಿಲ್ಲ. ಮೇಲಕ್ಕೆ ತಂಗಡಗಿಯ ಕಡೆ ಕೆಲವು ಕಡವುಗಳು, ಕೆಳಕ್ಕೆ ರಾಯಚೂರಿನ ದಿಕ್ಕಿನಲ್ಲಿ ಕೆಲವು. ನಡುವೆ ಈ ಕೊಳ್ಳ. ಕೊಳ್ಳವನ್ನು ಹಿಡಿದವನು ಗೋಡೆಯ ಮೂಲೆಗಲ್ಲನ್ನು ಹಿಡಿದಂತೆ. ದೋಆಬಿನ ಇತಿಹಾಸವನ್ನು ರಾಜರ ಹೆಸರುಗಳಿಂದ ಓದಿದರೆ ಬರಿಯ ಹೊಡೆದಾಟವಾಗಿ ಕಾಣುತ್ತದೆ. ಹೊಳೆಯ ಕಡವುಗಳಿಂದ ಓದಿದರೆ ಅದಕ್ಕೊಂದು ಅರ್ಥ ಬರುತ್ತದೆ.

ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರನ್ನು ಸೋಲಿಸಿದಾಗ ಕೆಲವು ಕಾಲ ಕೃಷ್ಣೆಯೇ ಇಬ್ಬರ ನಡುವಣ ಎಲ್ಲೆಯಾಯಿತು. ೧೨೯೪ರಲ್ಲಿ ಕಾಕತೀಯರ ದಳವಾಯಿ ಗೋರೆ ಗನ್ನಯ್ಯ ರೆಡ್ಡಿ ರಾಯಚೂರಿನ ಕೋಟೆಯಲ್ಲಿ ಶಾಸನ ಹಾಕಿಸಿದ. ಅದನ್ನು ಕೆತ್ತಿದ, ನಲವತ್ತು ಅಡಿಗೂ ಉದ್ದವಾದ ಕಲ್ಲು ಇಂದಿಗೂ ಗೋಡೆಯಲ್ಲಿದೆ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಹುಟ್ಟಿದ ಮೇಲೆ ಎರಡು ಶತಮಾನ ಈ ತುಂಡು ನೆಲಕ್ಕಾಗಿ ಕಾದಾಡಿದರು.

ಅದರಲ್ಲಿ ಮೂರು ಪ್ರಸಂಗಗಳು ಹೊಳೆಯ ಕಥೆಗಳೇ ಆಗಿವೆ. ಮೊದಲನೆಯದು ೧೩೯೮ರದು. ವಿಜಯನಗರದ ಇಮ್ಮಡಿ ಹರಿಹರನ ಸೈನ್ಯ ದೋಆಬಿಗೆ ಬಂದು ಕೃಷ್ಣೆಯ ತೆಂಕಣ ದಂಡೆಯಲ್ಲಿ ಬೀಡುಬಿಟ್ಟಿತ್ತು. ಬಡಗಣ ದಂಡೆಯಲ್ಲಿ ಫಿರೋಜಶಾಹ ಬಹಮನಿ. ನಡುವೆ ಮಳೆಗಾಲದ ಹೊಳೆ. ಫಿರೋಜನ ಕಡೆಯ ಸಿರಾಜ ಎಂಬ ಖಾಜಿ ಕೆಲವು ಸಂಗಡಿಗರೊಡನೆ ವೇಷ ಮರೆಸಿಕೊಂಡು ಹೊಳೆ ದಾಟಿ, ಪಾತರದವರ ಸಂಗಡ ಕುಣಿಯುವವನಾಗಿ ಶಿಬಿರದೊಳಕ್ಕೆ ಸೇರಿ, ಕುಣಿತದ ನಡುವೆ ರಾಜಕುಮಾರನನ್ನು ಇರಿದು ಕೊಂದನೆಂದು ಫೆರಿಸ್ತಾ ಬರೆಯುತ್ತಾನೆ. ಆ ಗೊಂದಲದ ರಾತ್ರಿ ಫಿರೋಜನ ಮೂರು ನಾಲ್ಕು ಸಾವಿರ ಜನ ಚರ್ಮ ಹೊದಿಸಿದ ಬುಟ್ಟಿಗಳಲ್ಲಿ, ಎಂದರೆ ನಮ್ಮ ಹರಿಗೋಲುಗಳಲ್ಲಿ, ನೀರು ದಾಟಿದರು. ಯುದ್ಧದ ಫಲವನ್ನು ನಿರ್ಣಯಿಸಿದುದು ಆನೆಯೂ ಅಲ್ಲ, ಕುದುರೆಯೂ ಅಲ್ಲ, ಬಿದಿರಿನ ಬುಟ್ಟಿ!

ಎರಡನೆಯದು ೧೫೨೦ರದು. ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದ. ಇಸ್ಮಾಯಿಲ್ ಆದಿಲಶಾಹ ಹೊಳೆ ದಾಟಿ ಅವನ ಮೇಲೆ ಬಂದ. ಮೇ ತಿಂಗಳ ಕಾಳಗದಲ್ಲಿ ಮೊದಲು ಆದಿಲಶಾಹನ ತೋಪುಗಳು ಗೆದ್ದಂತೆ ತೋರಿ, ಕೊನೆಗೆ ಅವನ ಸೈನ್ಯ ಬೆನ್ನು ತಿರುಗಿಸಿತು. ಆದರೆ ಓಡಿಹೋಗುವುದಾದರೂ ಎಲ್ಲಿಗೆ? ಹಿಂದೆ ಕೃಷ್ಣೆ ಇದ್ದಳು. ಕತ್ತಿಗೆ ಬಿದ್ದವರಂತೆಯೇ ನೀರಿಗೆ ಬಿದ್ದವರೂ ಬಹಳ. ಮೂರನೆಯದು ೧೫೬೫ರದು. ಸುಲ್ತಾನರ ಒಕ್ಕೂಟ ಬಂದಾಗ ವಿಜಯನಗರದವರು ಕಡವನ್ನು ಭದ್ರವಾಗಿ ಕಾಯುತ್ತಿದ್ದರು. ಸುಲ್ತಾನರು ಬೇರೆ ಕಡವಿನತ್ತ ಹೊರಟಂತೆ ದಂಡೆಯುದ್ದಕ್ಕೂ ನಡೆದರು. ರಾಯರ ಸೈನ್ಯವೂ ಎದುರು ದಂಡೆಯಲ್ಲಿ ಅವರಿಗೆ ಸಮವಾಗಿ ನಡೆಯಿತು. ರಾತ್ರೋರಾತ್ರಿ ಹಿಂದಿರುಗಿದ ಸುಲ್ತಾನರು ಕಾವಲಿಲ್ಲದ ಕಡವನ್ನು ದಾಟಿಬಿಟ್ಟರು. ರಕ್ಕಸಗಿ–ತಂಗಡಗಿಯ ಕಾಳಗದ ಫಲ ನಮಗೆಲ್ಲ ಗೊತ್ತು. ಹಂಪೆಯ ಹಾಳಿನ ಮೊದಲ ಅಧ್ಯಾಯ ಬರೆದುದು ಕೃಷ್ಣೆಯ ದಂಡೆಯ ಮೇಲೆ, ಈ ಕೊಳ್ಳಕ್ಕೆ ಮೇಲಿನ ಒಂದು ಕಡವಿನಲ್ಲಿ.

ಆಮೇಲೆ ಯಜಮಾನರು ಬದಲಾದರೂ ಹೊಳೆಯ ಕೆಲಸ ಬದಲಾಗಲಿಲ್ಲ. ೧೬೮೬ರಲ್ಲಿ ಔರಂಗಜೇಬ ವಿಜಾಪುರವನ್ನು ನುಂಗಿದ. ಮುಂದೆ ನಿಜಾಮನ ಆಳಿಕೆ ಬಂತು. ೧೮೫೩ರಲ್ಲಿ ನಿಜಾಮನು ಸಾಲದ ಬಾಬ್ತು ದೋಆಬನ್ನು ಇಂಗ್ಲಿಷರ ಕೈಗೆ ಕೊಟ್ಟಾಗ ಏಳು ವರ್ಷ ಕೃಷ್ಣೆ ಮತ್ತೆ ಎಲ್ಲೆಯಾದಳು. ಆಚೆ ಸುರಪುರದ ನಾಯಕರ ಸಂಸ್ಥಾನ, ಈಚೆ ಲಿಂಗಸೂಗೂರಿನ ಇಂಗ್ಲಿಷ್ ದಂಡು. ೧೮೫೮ರ ಫೆಬ್ರುವರಿಯಲ್ಲಿ, ಹೊಳೆ ಇಳಿದಿರುವ ಕಾಲದಲ್ಲಿ, ಆ ದಂಡು ಸುರಪುರದ ಮೇಲೆ ನಡೆಯಿತು. ತರುಣ ಅರಸು ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕಿ, ಅದೇ ವರ್ಷ ಗುಂಡೇಟಿನಿಂದ ಸತ್ತ. ಅವನು ಮಗುವಾಗಿದ್ದಾಗಿನಿಂದ ಬಲ್ಲ, ಅವನಿಂದ ‘ಅಪ್ಪಾ’ ಎಂದು ಕರೆಸಿಕೊಂಡ ಟೇಲರ್ ಆ ಕಥೆಯನ್ನು ತನ್ನ ಆತ್ಮಚರಿತ್ರೆಯಲ್ಲಿ ದುಃಖದಿಂದ ಬರೆದಿದ್ದಾನೆ. ೧೮೬೦ರಲ್ಲಿ ದೋಆಬು ನಿಜಾಮನಿಗೆ ಹಿಂದಿರುಗಿತು, ಸುರಪುರವೂ ಅವನ ಪಾಲಾಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿದು, ೧೯೫೬ರ ನವೆಂಬರ್ ೧ರಂದು ಎರಡೂ ದಂಡೆಗಳು ಕನ್ನಡ ರಾಜ್ಯಕ್ಕೆ ಸೇರಿದವು.

ಇಷ್ಟೆಲ್ಲ ಅರಸರು ಈ ಹೊಳೆಯನ್ನು ನೋಡಿದರಲ್ಲ, ಒಬ್ಬನಾದರೂ ಅದನ್ನು ನೀರೆಂದು ನೋಡಿದನೆ? ಎಲ್ಲರಿಗೂ ಅದು ಗೋಡೆಯಾಗಿತ್ತು, ಅಗಳಾಗಿತ್ತು. ಹಾಗೆಂದು ಅವರೆಲ್ಲ ನೀರಾವರಿಯನ್ನು ಅರಿಯದವರೆಂದು ಹೇಳುವುದು ಅನ್ಯಾಯ. ತುಂಗಭದ್ರೆಗೆ ವಿಜಯನಗರದವರು ಕಟ್ಟಿದ ಒಡ್ಡುಗಳೂ ಕಾಲುವೆಗಳೂ ನಾಲ್ಕೈದು ಶತಮಾನಗಳ ಮೇಲೆ ಕೂಡ ಹೊಸಪೇಟೆಯ ಕಬ್ಬಿನ ಗದ್ದೆಗೆ ನೀರು ಉಣಿಸಿವೆ. ಆದರೆ ಅಲ್ಲಿ ನದಿ ನೆಲದ ಮಟ್ಟಕ್ಕೆ ಹತ್ತಿರ ಹರಿಯುತ್ತದೆ. ಕಲ್ಲುಗಳ ತಗ್ಗು ಒಡ್ಡು ಹಾಕಿದರೆ ಸಾಕು, ನೀರು ಪಕ್ಕಕ್ಕೆ ಹೊರಳುತ್ತದೆ. ಇಲ್ಲಿಯ ಕೃಷ್ಣೆ ನೆಲಕ್ಕಿಂತ ಬಹು ಕೆಳಗೆ, ಬಂಡೆಯ ಸೀಳಿನಲ್ಲಿ ಹರಿಯುವವಳು. ಹಿಂದಿನವರ ಕೈಯಲ್ಲಿದ್ದ ಸಾಧನಗಳಿಂದ ಅವಳನ್ನು ಮೇಲೆತ್ತುವುದು ಸಾಧ್ಯವಿರಲಿಲ್ಲ. ಆದುದರಿಂದಲೇ ಈ ಸೀಮೆಯವರು ಹೊಳೆಯ ಆಸೆ ಬಿಟ್ಟು ಕೆರೆಗಳನ್ನು ನೆಚ್ಚಿದರು. ಸುರಪುರದ ನಾಯಕರ ಕಾಲದ ಬೋನಾಳ ಕೆರೆಯನ್ನು ಟೇಲರ್ ಹಿಗ್ಗಿಸಿದುದೂ ಇದೇ ವಿವೇಕದಿಂದ. ಕೊಳ್ಳದ ಅಂದವೂ ಈ ನಾಡಿನ ಬಾಯಾರಿಕೆಯೂ ಒಂದೇ ಕಾರಣದಿಂದ ಹುಟ್ಟಿದವು. ಯಾವ ಆಳವನ್ನು ನೋಡಿ ನಾವು ಬೆರಗಾಗುತ್ತೇವೆಯೋ ಅದೇ ಆಳ ಹೊಲದವನಿಂದ ನೀರನ್ನು ದೂರವಿಟ್ಟಿತು.

ಕೊಲರಾಡೋ ನದಿಯ ಕಥೆಯೂ ಇದಕ್ಕೆ ದೂರದ್ದಲ್ಲ. ಅಂತರ್ಯುದ್ಧದಲ್ಲಿ ಒಂದು ತೋಳನ್ನು ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ ೧೮೬೯ರಲ್ಲಿ ಒಂಬತ್ತು ಸಂಗಡಿಗರೊಡನೆ ನಾಲ್ಕು ದೋಣಿಗಳಲ್ಲಿ ಆ ಮಹಾಕೊಳ್ಳದ ಕಡೆಗೆ ಹೊರಟು ಅದನ್ನು ಹಾದುಬಂದ. ಜಗತ್ತು ಅವನ ಸಾಹಸವನ್ನು ಕೊಂಡಾಡಿತು. ಇಪ್ಪತ್ತನಾಲ್ಕು ವರ್ಷಗಳ ಮೇಲೆ, ೧೮೯೩ರಲ್ಲಿ, ಅದೇ ಪೊವೆಲ್ ನೀರಾವರಿ ಸಮ್ಮೇಳನವೊಂದರಲ್ಲಿ ಎದ್ದು ನಿಂತು, ಈ ಒಣನಾಡಿನ ಎಲ್ಲ ನೆಲಕ್ಕೂ ಸಾಲುವಷ್ಟು ನೀರಿಲ್ಲ, ನೀವು ಮಕ್ಕಳಿಗೆ ಬಿಟ್ಟುಹೋಗುವುದು ವ್ಯಾಜ್ಯಗಳನ್ನು ಎಂಬ ಅರ್ಥದ ಮಾತಾಡಿದಾಗ ಸಭಿಕರು ಕೂಗಾಡಿದರು. ೧೯೨೨ರಲ್ಲಿ ಏಳು ರಾಜ್ಯಗಳು ಆ ನದಿಯನ್ನು ಹಂಚಿಕೊಂಡವು. ಒಳ್ಳೆಯ ಮಳೆಯ ವರ್ಷಗಳ ಲೆಕ್ಕವನ್ನು ಹಿಡಿದು ಹಂಚಿಕೊಂಡುದರಿಂದ ಇಲ್ಲದ ನೀರನ್ನೂ ಹಂಚಿದಂತಾಯಿತು. ವ್ಯಾಜ್ಯ ಇಂದಿಗೂ ಮುಗಿದಿಲ್ಲ.

ನಮ್ಮ ಕೃಷ್ಣೆಯ ಪಾಲುಪಟ್ಟಿಯೂ ನಡೆಯಿತು. ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು. ೧೯೬೯ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ೧೯೭೩ರಲ್ಲಿ ತೀರ್ಪಿತ್ತು, ೧೯೭೬ರಲ್ಲಿ ಅದನ್ನು ಪೂರ್ಣಗೊಳಿಸಿತು. ೨,೦೬೦ ಟಿ.ಎಂ.ಸಿ. ನೀರಿನಲ್ಲಿ ಆಂಧ್ರಕ್ಕೆ ೮೦೦, ಕರ್ನಾಟಕಕ್ಕೆ ೭೦೦, ಮಹಾರಾಷ್ಟ್ರಕ್ಕೆ ೫೬೦. ನಾರಾಯಣಪುರದ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಕೊಳ್ಳದ ತಲೆಯ ಮೇಲೆಯೇ, ನದಿ ಕೆಳಗಿಳಿಯುವ ಮುನ್ನ, ಅದನ್ನು ತಡೆದು ನಿಲ್ಲಿಸಿದುದರಲ್ಲಿ ಇದರ ಜಾಣತನವಿದೆ. ಶತಶತಮಾನ ನೆಲಕ್ಕಿಂತ ಕೆಳಗೆ ಹರಿದ ನೀರು ಈಗ ನೆಲಕ್ಕಿಂತ ಮೇಲೆ ನಿಂತು, ಕಾಲುವೆ ಹಿಡಿದು ಸುರಪುರ, ಶಹಾಪುರ, ಜೇವರ್ಗಿಯ ಬಯಲುಗಳಿಗೆ ನಡೆದುಹೋಗುತ್ತದೆ. ನಾವು ಬಂದ ದಾರಿಯಲ್ಲಿ, ಹಿಂದೆ ಜೋಳ ತೊಗರಿಗಳನ್ನಷ್ಟೇ ಕಂಡಿದ್ದ ಕರಿನೆಲದಲ್ಲಿ, ಭತ್ತದ ಪೈರು ನಿಂತಿದ್ದುದನ್ನು ಕಂಡೆವು. ಬರದ ಹೆಸರು ಹೇಳಿ ಮಕ್ಕಳನ್ನು ಮಲಗಿಸುತ್ತಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಓದಬೇಕು. ಮೇಲೆ ಎಷ್ಟೋ ಊರುಗಳು ಮನೆ, ಹೊಲ, ಗುಡಿ, ಗೋರಿಗಳೊಡನೆ ನೀರಿನಡಿ ಹೋದವು. ಕಾಲುವೆಯ ಬುಡದವನು ಭತ್ತ ಬೆಳೆದರೆ ಕೊನೆಯವನು ಮುಗಿಲು ನೋಡುವುದು ಎಲ್ಲ ಕಾಲುವೆಗಳ ಹಾಡು. ಇಲ್ಲಿಯೂ ಅದು ತಪ್ಪಿಲ್ಲ. ಕೊಳ್ಳವಂತೂ ಈಗ ತನ್ನ ಇಚ್ಛೆಯಿಂದ ಮಾತಾಡುವುದಿಲ್ಲ. ಬಾಗಿಲು ಮುಚ್ಚಿದರೆ ಮೂಕ, ತೆರೆದರೆ ಗರ್ಜನೆ. ಬೇಸಗೆಯಲ್ಲಿ ಬಂದವರಿಗೆ ಬಂಡೆಗಳ ಎಲುಬುಗೂಡೊಂದೇ ಕಾಣುತ್ತದೆ.

ಕೋಟೆಯಿಂದ ಇಳಿದು ಬರುವಾಗ ಒಬ್ಬ ರೈತರು ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅರವತ್ತು ದಾಟಿದ ವಯಸ್ಸು. ನಮ್ಮನ್ನು ನೋಡಿ ನಿಂತು, “ಎಲ್ಲಿಯವರ್ರೀ ನೀವು?” ಎಂದರು.

“ಶಹಾಬಾದ ಕಡೆಯವರ್ರೀ ಯಜಮಾನ್ರ. ಭಂಕೂರ. ಹೊಳಿ ನೋಡಾಕ ಬಂದೀವಿ” ಎಂದೆ.

“ನೋಡ್ರಿ, ನೋಡ್ರಿ. ನೋಡಾಕ ಬಲು ಚಂದ ಐತಿ” ಎಂದು ನಕ್ಕರು. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ನಿಮಗ ನೋಡೂ ಹೊಳಿ, ನಮಗ ದಾಟೂ ಹೊಳಿ. ಮ್ಯಾಲಿಂದ ನೀರು ಹೆಚ್ಚಿಗಿ ಬಿಟ್ರಂದ್ರ ಸೇತುವಿ ಮುಣಗತೈತಿ. ಬ್ಯಾನಿ ಬಂದ ಹೆಣ್ಮಗಳು ಇರಲಿ, ಜ್ವರ ಬಂದ ಕೂಸು ಇರಲಿ, ಇಳಿಯೂ ತನಕ ಇಲ್ಲೇ” ಎಂದರು.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹವಾಮಾನ ಹೇಳಿದಂತೆ ಹೇಳಿದರು. ೨೦೦೫, ೨೦೦೯, ೨೦೧೯ರ ಮಹಾಪೂರಗಳ ಕಾಲದಲ್ಲಿ ಈ ಗಡ್ಡೆಯ ಸೀಮೆಯ ಸುದ್ದಿ ಪತ್ರಿಕೆಗಳಲ್ಲಿ ಬಂದುದನ್ನು ಓದುಗರು ನೋಡಿರಬಹುದು. ಶೀಲಹಳ್ಳಿಯ ಸೇತುವೆ ಮುಳುಗಿತೆಂದರೆ ಜಲದುರ್ಗ, ಹಂಚಿನಾಳ, ಯಳಗುಂದಿ ಮೊದಲಾದ ಊರುಗಳಿಗೆ ನೇರ ದಾರಿ ತಪ್ಪುತ್ತದೆ. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು ಸೆಕೆಂಡಿಗೆ ಸುಮಾರು ಆರು ಲಕ್ಷ ಘನ ಅಡಿಯವರೆಗೆ ಏರಿತ್ತು. ಅಂಥ ದಿನಗಳಲ್ಲಿ ಆಚೆಗೂ ಈಚೆಗೂ ನಡುವೆ ಉಳಿಯುವುದು ಫಿರೋಜಶಾಹನ ಕಾಲದ ಅದೇ ಹರಿಗೋಲು. ಆ ಪ್ರವಾಹದಲ್ಲಿ ಅದನ್ನು ಇಳಿಸಲು ಯಾರಿಗೂ ಧೈರ್ಯ ಬಾರದು.

ಹಿಂದಿರುಗುವ ದಾರಿಯಲ್ಲಿ ನಾವಿಬ್ಬರೂ ಬಹಳ ಮಾತಾಡಲಿಲ್ಲ. ರಾಜರಿಗೆ ಕೃಷ್ಣೆ ಗೋಡೆಯಾಗಿದ್ದಳು. ಪ್ರಜೆಗಳ ಕಾಲ ಬಂದ ಮೇಲೆ ಅವಳು ನೀರಾದಳು ಎಂದು ಒಂದು ಒಳ್ಳೆಯ ವಾಕ್ಯವನ್ನು ನಾನು ಕೋಟೆಯ ಮೇಲೆಯೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದೆ. ಆ ರೈತರ ಒಂದು ಮಾತಿನಿಂದ ಅದು ಅರ್ಧ ಬಿದ್ದುಹೋಯಿತು. ಬಯಲಿನವರಿಗೆ ಅವಳು ನೀರಾದಳು, ನಿಜ. ಗಡ್ಡೆಯವರಿಗ ಇನ್ನೂ ಗೋಡೆಯಾಗಿಯೇ ಇದ್ದಾಳೆ. ಮೇಲೆ ಬಾಗಿಲು ತೆರೆಯುವವರೂ ಕೆಳಗೆ ಸೇತುವೆ ಕಟ್ಟುವವರೂ ಒಂದೇ ಸರಕಾರದವರು. ನೀರನ್ನು ಜೇವರ್ಗಿಯವರೆಗೆ ನಡೆಸಬಲ್ಲ ಕೈಗೆ ಒಂದು ಗರ್ಭಿಣಿಯನ್ನು ಮಳೆಗಾಲದಲ್ಲಿ ಹೊಳೆಯಾಚೆ ಮುಟ್ಟಿಸುವುದು ಆಗದ ಕೆಲಸವೆ? ಜಲದುರ್ಗಕ್ಕೆ ಪ್ರವಾಸಿಗಳು ಬರಲಿ, ಕೋಟೆಯ ಮುಳ್ಳು ಕಡಿಯಲಿ, ಬುರುಜಿಗೊಂದು ಕಟಾಂಜನ ಹಾಕಲಿ ಎಂದು ಬರೆಯಬೇಕೆಂದು ಹೊರಟವನು ನಾನು. ಅವೆಲ್ಲ ಆಗಲಿ. ಅದಕ್ಕೂ ಮೊದಲು, ಎಂಥ ಹೊಳೆ ಬಂದರೂ ಮುಳುಗದ ಸೇತುವೆ ಎಲ್ಲ ಗಡ್ಡೆಗಳಿಗೂ ಆಗಲಿ.

ರಾತ್ರಿ ಭಂಕೂರಿಗೆ ಬಂದು ಕಾಲು ತೊಳೆದು ಪಡಸಾಲೆಯ ಫರಸಿಯ ಮೇಲೆ ಕುಳಿತೆ. ಕಲ್ಲು ತಣ್ಣಗಿತ್ತು. ಊರಾಚೆ ಕಾಗಿಣಾ ಎಂದಿನಂತೆ ಸದ್ದಿಲ್ಲದೆ ಹೊನಗುಂಟದ ಕಡೆಗೆ ಹರಿಯುತ್ತಿದ್ದಿರಬೇಕು. ಅದರ ನೀರು ಭೀಮೆಯನ್ನು ಸೇರಿ, ರಾಯಚೂರಿನ ಬಡಗಣದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಷ್ಟರಲ್ಲಿ ಅವಳು ಕೊಳ್ಳವನ್ನು ದಾಟಿ, ಉಸಿರು ಹಿಡಿದುಕೊಂಡು, ಮತ್ತೆ ಹಳೆಯ ಗೃಹಿಣಿಯ ನಡಗೆಗೆ ಬಂದಿರುತ್ತಾಳೆ. ಜಲದುರ್ಗದ ಬುರುಜಿನ ಕೆಳಗೆ ಅವಳು ಹೇಗಿದ್ದಳೆಂಬುದು ನಮ್ಮ ಕಾಗಿಣೆಗೆ ತಿಳಿಯುವುದೇ ಇಲ್ಲ.